ಕಡಲಾಚೆಯ ವಿದ್ಯಾಭ್ಯಾಸ: ಅಂದಾಜು, ಸಾಲ ಮತ್ತು ಸಂಯಮ

(ಶಾಖಾಮಠದ ವಾರ್ಷಿಕೋತ್ಸವದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ನಾನು ಶಾಸ್ತ್ರ ಓದಿದವನಲ್ಲ. ಡಿಪ್ಲೊಮಾ ಮುಗಿಸಿ ರೈಲ್ವೆಗೆ ಸೇರಿ, ಹಳಿ, ಸೇತುವೆ, ಅಂದಾಜುಪಟ್ಟಿಗಳ ನಡುವೆ ಆಯುಷ್ಯದ ಹೆಚ್ಚಿನ ಪಾಲನ್ನು ಎರ್ನಾಕುಲಂ ಮತ್ತು ತಿರುವನಂತಪುರಗಳಲ್ಲಿ ಕಳೆದವನು. ಆದುದರಿಂದ ಇಂದಿನ ವಿಷಯವನ್ನೂ ಒಬ್ಬ ಇಂಜಿನಿಯರನ ದೃಷ್ಟಿಯಿಂದಲೇ ನೋಡುತ್ತೇನೆ. ವಿಷಯವಾದರೋ ನಮ್ಮ ಮನೆಮನೆಯದು. ಮಗನೋ ಮಗಳೋ ಕಾಲೇಜು ಮುಗಿಸುವ ಹೊತ್ತಿಗೆ, ಕೆಲವೊಮ್ಮೆ ಮುಗಿಸುವ ಮೊದಲೇ, ಹೊರದೇಶದಲ್ಲಿ ಓದಬೇಕೆಂಬ ಮಾತು ಎತ್ತುತ್ತಾರೆ. ಅದಕ್ಕೆ ಹಣ ಎಲ್ಲಿಂದ, ಎಷ್ಟು, ಯಾರು ತೀರಿಸುವುದು ಎಂಬ ಪ್ರಶ್ನೆಗಳು ಅಡುಗೆಮನೆಯಲ್ಲಿ ರಾತ್ರಿ ಹನ್ನೊಂದು ಗಂಟೆಯವರೆಗೆ ಚರ್ಚೆಯಾಗುತ್ತವೆ.

ಇದು ನಮ್ಮ ಕೆಲವು ಮನೆಗಳ ಮಾತು ಮಾತ್ರವಲ್ಲ. ಕೇರಳ ವಲಸೆ ಸಮೀಕ್ಷೆಯ ಪ್ರಕಾರ ಈ ರಾಜ್ಯದಿಂದ ಹೊರದೇಶಕ್ಕೆ ಹೋದ ವಿದ್ಯಾರ್ಥಿಗಳ ಸಂಖ್ಯೆ 2018ರಲ್ಲಿ ಸುಮಾರು 1.3 ಲಕ್ಷವಿತ್ತು, 2023ರ ಸಮೀಕ್ಷೆಯಲ್ಲಿ ಅದು 2.5 ಲಕ್ಷಕ್ಕೆ ಏರಿತು. ಐದೇ ವರ್ಷಗಳಲ್ಲಿ ಇಮ್ಮಡಿ. ಹೊರದೇಶದಲ್ಲಿರುವ ಕೇರಳೀಯರಲ್ಲಿ ನೂರಕ್ಕೆ ಹನ್ನೊಂದು ಮಂದಿ ವಿದ್ಯಾರ್ಥಿಗಳು. ಹಿಂದೆ ಕೊಲ್ಲಿಗೆ ಹೋದವರು ಮೊದಲ ವರ್ಷದಿಂದಲೇ ಮನೆಗೆ ಹಣ ಕಳುಹಿಸುತ್ತಿದ್ದರು. ಈಗ ಹೋಗುವವರಿಗೆ ಮನೆಯಿಂದ ಹಣ ಹೋಗುತ್ತದೆ. ದಿಕ್ಕು ಬದಲಾದುದನ್ನು ನಾವು ಮೊದಲು ಮನಗಾಣಬೇಕು.

ಹಿಂದೆ ಹೋದವರು

ಸಮುದ್ರಯಾನದ ವಿಚಾರದಲ್ಲಿ ನಮ್ಮ ಹಿರಿಯರಿಗೆ ಇದ್ದ ಸಂಕೋಚವನ್ನು ತಾವೆಲ್ಲ ಬಲ್ಲಿರಿ. ಆ ಜಿಜ್ಞಾಸೆಗೆ ಉತ್ತರ ಹೇಳುವ ಅಧಿಕಾರ ನನಗಿಲ್ಲ. ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಪಟ್ಟಣದಲ್ಲೂ ಇಂದು ಉಡುಪಿಯ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನವಿದ್ದು ನಿತ್ಯಪೂಜೆ ನಡೆಯುತ್ತಿದೆ ಎಂಬುದನ್ನು ಮಾತ್ರ ಸ್ಮರಿಸಿ ಮುಂದೆ ಹೋಗುತ್ತೇನೆ.

ಈ ನಾಡಿನಿಂದ ಹೊರದೇಶಕ್ಕೆ ಹೋಗಿ ಓದಿದ ಇಬ್ಬರ ಉದಾಹರಣೆಯನ್ನು ಕೊಡಬಯಸುತ್ತೇನೆ. ಒಬ್ಬರು ಕೆ. ಆರ್. ನಾರಾಯಣನ್. ಕೋಟ್ಟಯಂ ಸಮೀಪದ ಉಳವೂರಿನ ಕಡುಬಡತನದ ಮನೆಯಲ್ಲಿ ಹುಟ್ಟಿ, ಶಾಲೆಗೆ ಮೈಲಿಗಟ್ಟಲೆ ನಡೆದು, ತಿರುವನಂತಪುರದಲ್ಲಿ ತಿರುವಾಂಕೂರು ವಿಶ್ವವಿದ್ಯಾನಿಲಯದ ಪದವಿಯನ್ನು ಪ್ರಥಮ ಸ್ಥಾನದಲ್ಲಿ ಪಡೆದವರು. 1945ರಲ್ಲಿ ಟಾಟಾ ವಿದ್ಯಾರ್ಥಿವೇತನದ ನೆರವಿನಿಂದ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. 1997ರಲ್ಲಿ ರಾಷ್ಟ್ರಪತಿಗಳಾದರು. ಇಂದು ನಮ್ಮ ಮಕ್ಕಳು ವಿಮಾನ ಹತ್ತುವ ನೆಡುಂಬಾಶ್ಶೇರಿಯ ಕೊಚ್ಚಿ ವಿಮಾನ ನಿಲ್ದಾಣವನ್ನು 1999ರ ಮೇ ತಿಂಗಳಲ್ಲಿ ಉದ್ಘಾಟಿಸಿದವರೂ ಅವರೇ.

ಇನ್ನೊಬ್ಬರು ಹವಾಮಾನ ವಿಜ್ಞಾನಿ ಅನ್ನಾ ಮಣಿ. ಪೀರ್‌ಮೇಡಿನಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ನರ ಪ್ರಯೋಗಾಲಯದಲ್ಲಿ ದುಡಿದು, 1945ರಲ್ಲಿ ಭಾರತ ಸರ್ಕಾರದ ವಿದ್ಯಾರ್ಥಿವೇತನದಿಂದ ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ಶಾಸ್ತ್ರವನ್ನು ಕಲಿತರು. 1948ರಲ್ಲಿ ಮರಳಿ ಬಂದು ಆ ಉಪಕರಣಗಳು ನಮ್ಮ ದೇಶದಲ್ಲೇ ತಯಾರಾಗುವಂತೆ ಮಾಡಿದರು. 2001ರಲ್ಲಿ ತಿರುವನಂತಪುರದಲ್ಲಿ ನಿಧನರಾದರು.

ಈ ಇಬ್ಬರಲ್ಲಿಯೂ ಸಮಾನವಾದ ಅಂಶವನ್ನು ಗಮನಿಸಿ.  ಯೋಗ್ಯತೆಯನ್ನು ಇಲ್ಲಿಯೇ ಸಂಪಾದಿಸಿದ್ದರು. ಹಣವು ಆ ಯೋಗ್ಯತೆಯನ್ನು ಹಿಂಬಾಲಿಸಿ ಬಂದಿತು. ಇಂದು ಅನೇಕ ಕಡೆ ಹಣವೇ ಮುಂದೆ ನಡೆಯುತ್ತಿದೆ, ಯೋಗ್ಯತೆಯ ಪ್ರಶ್ನೆ ಆಮೇಲೆ ಬರುತ್ತಿದೆ.

ಮೊದಲು ಸರ್ವೆ

ಹೊಸ ರೈಲುಮಾರ್ಗವನ್ನು ಹಾಕುವ ಮೊದಲು ನಮ್ಮಲ್ಲಿ ಮೂರು ಹಂತದ ಸರ್ವೆ ನಡೆಯುತ್ತದೆ. ಮೊದಲನೆಯದು ಸುತ್ತಾಡಿ ನೋಡುವ ಸರ್ವೆ, ಎರಡನೆಯದು ಪ್ರಾಥಮಿಕ ಸರ್ವೆ, ಮೂರನೆಯದು ಹಳಿ ಎಲ್ಲಿ ಬೀಳಬೇಕೆಂದು ಗೂಟ ನೆಡುವ ಅಂತಿಮ ಸರ್ವೆ. ಮೊದಲ ಹಂತದಲ್ಲಿ, ‘ಈ ಮಾರ್ಗವೇ ಬೇಡ’ ಎಂದು ವರದಿ ಕೊಡುವ ಸ್ವಾತಂತ್ರ್ಯವೂ ಇರುತ್ತದೆ. ನಮ್ಮ ಮನೆಗಳಲ್ಲಿ ಈ ಮೊದಲ ಎರಡು ಸರ್ವೆಗಳನ್ನು ಬಿಟ್ಟು ನೇರವಾಗಿ ಗೂಟ ನೆಡಲು ಹೊರಡುತ್ತಾರೆ.

ಆದುದರಿಂದ ವಿದ್ಯಾರ್ಥಿಯು ಮೊದಲು ಕೇಳಿಕೊಳ್ಳಬೇಕಾದುದು ಇಷ್ಟು: ನನಗೆ ಬೇಕಾದ ವಿದ್ಯೆ ಇಲ್ಲಿಯೇ ದೊರೆಯುವುದೇ? ದೊರೆಯದಿದ್ದರೆ ಪೂರ್ತಿ ಪದವಿಗೆ ಹೋಗಬೇಕೇ, ಒಂದು ಸೆಮಿಸ್ಟರ್ ಸಾಕೇ? ಹೋದರೆ ಆ ಪದವಿಗೆ ಅಲ್ಲಿ ಮತ್ತು ಇಲ್ಲಿ ಮಾನ್ಯತೆ ಇದೆಯೇ?

ಎರಡನೆಯ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ನಮ್ಮ ಕಾಲೇಜಿಗೂ ಹೊರದೇಶದ ವಿಶ್ವವಿದ್ಯಾನಿಲಯಕ್ಕೂ ವಿನಿಮಯ ಒಪ್ಪಂದವಿದ್ದರೆ, ಸಾಮಾನ್ಯವಾಗಿ ವಿದ್ಯಾರ್ಥಿಯು ಶುಲ್ಕವನ್ನು ತನ್ನ ಕಾಲೇಜಿಗೇ ಕಟ್ಟಿ ಒಂದು ಸೆಮಿಸ್ಟರನ್ನು ಅಲ್ಲಿ ಓದಿ ಬರಬಹುದು. ಪ್ರಯಾಣ, ವಾಸ, ಊಟದ ಖರ್ಚು ಮಾತ್ರ ಹೊಸದು. ಯು.ಜಿ.ಸಿ.ಯು 2022ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಅವಳಿ ಕಾರ್ಯಕ್ರಮದಲ್ಲಿ ಪದವಿಯ ಕ್ರೆಡಿಟ್‌ಗಳ ಶೇಕಡಾ 30ರವರೆಗೆ ವಿದೇಶೀ ಸಂಸ್ಥೆಯಲ್ಲಿ ಪಡೆಯಬಹುದು. ವಿದೇಶೀ ವಿಶ್ವವಿದ್ಯಾನಿಲಯಗಳೇ ಇಲ್ಲಿಗೆ ಬರತೊಡಗಿವೆ. 2024ರಲ್ಲಿ ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾನಿಲಯ ಗುಜರಾತಿನ ಗಿಫ್ಟ್ ಸಿಟಿಯಲ್ಲಿಯೂ, 2025ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯ ಗುರುಗ್ರಾಮದಲ್ಲಿಯೂ ತರಗತಿಗಳನ್ನು ಆರಂಭಿಸಿದವು. ಆದುದರಿಂದ ಮೂರನೆಯ ವರ್ಷದಲ್ಲಿರುವ ಮಕ್ಕಳು ಮೊದಲು ತಮ್ಮ ಕಾಲೇಜಿನ ಕಚೇರಿಗೆ ಹೋಗಿ ವಿಚಾರಿಸಲಿ. ಏಜೆಂಟರ ಬಾಗಿಲು ಅನಂತರದ್ದು.

ಏಜೆಂಟರ ವಿಚಾರ ಬಂದುದರಿಂದ ಹೇಳುತ್ತೇನೆ. ಎರ್ನಾಕುಲಂನ ಕಲೂರು, ಪಾಲಾರಿವಟ್ಟಂಗಳಲ್ಲಿ, ತಿರುವನಂತಪುರದ ಪಟ್ಟಂ ಸುತ್ತಮುತ್ತ ಇವರ ಫಲಕಗಳಿಗೆ ಬರವಿಲ್ಲ. ಇವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಆದರೆ 1983ರ ವಲಸೆ ಕಾಯಿದೆಯ ಪರವಾನಗಿಯ ಕಟ್ಟುಪಾಡು ಉದ್ಯೋಗಕ್ಕೆ ಜನರನ್ನು ಕಳುಹಿಸುವ ಏಜೆಂಟರಿಗೆ ಅನ್ವಯಿಸುತ್ತದೆಯೇ ಹೊರತು ವಿದ್ಯಾರ್ಥಿಗಳನ್ನು ಕಳುಹಿಸುವವರಿಗಲ್ಲ. ‘ನಮ್ಮ ಸೇವೆ ಉಚಿತ’ ಎಂದವರಿಗೆ ಆ ಕಡೆಯ ಕಾಲೇಜಿನಿಂದ ಕಮಿಷನ್ ಸಲ್ಲುತ್ತದೆ. ಕಮಿಷನ್ ಕೊಡದ ಉತ್ತಮ ವಿಶ್ವವಿದ್ಯಾನಿಲಯದ ಹೆಸರು ಅವರ ಬಾಯಲ್ಲಿ ಬರುವುದು ಕಷ್ಟ. 2023ರಲ್ಲಿ ಪಂಜಾಬಿನ ಅನೇಕ ವಿದ್ಯಾರ್ಥಿಗಳು ಕೆನಡಾದಲ್ಲಿ ಗಡೀಪಾರಿನ ಭೀತಿ ಎದುರಿಸಿದ್ದು, ತಮ್ಮ ಪ್ರವೇಶಪತ್ರವೇ ನಕಲಿಯೆಂದು ವರ್ಷಗಳ ಬಳಿಕ ತಿಳಿದಾಗ. ಪ್ರವೇಶಪತ್ರವನ್ನು ವಿದ್ಯಾರ್ಥಿಯೇ ವಿಶ್ವವಿದ್ಯಾನಿಲಯದ ವಿಳಾಸಕ್ಕೆ ಬರೆದು ಖಚಿತಪಡಿಸಿಕೊಳ್ಳಬೇಕು. ಕೇರಳ ಸರ್ಕಾರದ ಒಡೆಪೆಕ್ ಸಂಸ್ಥೆಯೂ ವಿದೇಶ ವ್ಯಾಸಂಗದ ಮಾರ್ಗದರ್ಶನ ಕೊಡುತ್ತದೆ ಎಂಬುದು ನೆನಪಿನಲ್ಲಿರಲಿ.

ಅಂದಾಜುಪಟ್ಟಿ

ಶುಲ್ಕವೊಂದನ್ನೇ ನೋಡಿ ಖರ್ಚು ಇಷ್ಟೇ ಎಂದು ತಿಳಿಯುವುದು, ಹಳಿಯ ಬೆಲೆಯನ್ನು ಮಾತ್ರ ನೋಡಿ ರೈಲುಮಾರ್ಗದ ಅಂದಾಜು ಹಾಕಿದಂತೆ. ಮಣ್ಣಿನ ಕೆಲಸ, ಜಲ್ಲಿ, ಮೋರಿ, ಸೇತುವೆ, ಭೂಮಿಯ ಪರಿಹಾರ ಇವೆಲ್ಲ ಸೇರಿದಾಗಲೇ ನಿಜವಾದ ಮೊತ್ತ ತಿಳಿಯುವುದು.

ಪಟ್ಟಿಯನ್ನು ಹೀಗೆ ಬರೆಯಿರಿ. ಮೊದಲನೆಯದು, ಹೊರಡುವ ಮುಂಚಿನ ಖರ್ಚು: ಭಾಷಾ ಪರೀಕ್ಷೆ, ಅರ್ಜಿ ಶುಲ್ಕಗಳು, ನೋರ್ಕಾ ರೂಟ್ಸ್ ಮೂಲಕ ಪ್ರಮಾಣಪತ್ರಗಳ ದೃಢೀಕರಣ, ವೀಸಾ, ವೈದ್ಯಕೀಯ ತಪಾಸಣೆ, ವಿಮಾನದ ಟಿಕೇಟು, ಚಳಿಯ ಬಟ್ಟೆ. ಎರಡನೆಯದು ಶಿಕ್ಷಣ ಶುಲ್ಕ. ಮೂರನೆಯದು ವಸತಿ, ಅದರ ಮುಂಗಡ, ಆಹಾರ, ಸ್ಥಳೀಯ ಪ್ರಯಾಣ, ಆರೋಗ್ಯ ವಿಮೆ. ನಾಲ್ಕನೆಯದು ಆಕಸ್ಮಿಕ ವೆಚ್ಚ.

ಮೂರನೆಯ ಬಾಬನ್ನು ಆಯಾ ದೇಶದ ಸರ್ಕಾರಗಳೇ ಲೆಕ್ಕ ಹಾಕಿ ಕೊಟ್ಟಿವೆ. ಜರ್ಮನಿಗೆ ಹೋಗುವ ವಿದ್ಯಾರ್ಥಿಯು ಒಂದು ವರ್ಷದ ಜೀವನವೆಚ್ಚಕ್ಕೆಂದು 11,904 ಯೂರೋಗಳನ್ನು ನಿರ್ಬಂಧಿತ ಖಾತೆಯಲ್ಲಿ ಇಡಬೇಕೆಂದು 2024ರ ಸೆಪ್ಟೆಂಬರಿನಿಂದ ನಿಯಮವಾಯಿತು. ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಕೆನಡಾ ಇದೇ ಉದ್ದೇಶಕ್ಕೆ ಒಬ್ಬನಿಗೆ 22,895 ಕೆನಡಾ ಡಾಲರುಗಳನ್ನು 2025ರ ಸೆಪ್ಟೆಂಬರಿನಿಂದ ಕೇಳುತ್ತಿದೆ. ಇಂಗ್ಲೆಂಡು 2025ರ ನವೆಂಬರಿನಲ್ಲಿ ಈ ಮೊತ್ತವನ್ನು ಲಂಡನ್ನಿಗೆ ತಿಂಗಳಿಗೆ 1,529 ಪೌಂಡ್, ಬೇರೆಡೆಗೆ 1,171 ಪೌಂಡ್ ಎಂದು ಏರಿಸಿತು. ಒಂಬತ್ತು ತಿಂಗಳ ಮೊತ್ತ 28 ದಿನ ಸತತವಾಗಿ ಖಾತೆಯಲ್ಲಿ ನಿಂತಿರಬೇಕು. ಅದಲ್ಲದೆ ಆರೋಗ್ಯ ಸೇವೆಗೆ ವರ್ಷಕ್ಕೆ 776 ಪೌಂಡ್ ಪ್ರತ್ಯೇಕ. ಈ ಅಂಕೆಗಳು ಮೇಲಿಂದ ಮೇಲೆ ಬದಲಾಗುವುದರಿಂದ ಅರ್ಜಿ ಹಾಕುವ ದಿನ ಆಯಾ ದೇಶದ ಸರ್ಕಾರಿ ತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳತಕ್ಕದ್ದು.

ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಶಿಕ್ಷಣ ಶುಲ್ಕವಿಲ್ಲ, ಸೆಮಿಸ್ಟರಿನ ಸಣ್ಣ ವಂತಿಗೆ ಮಾತ್ರ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯವು ನಮ್ಮಂಥ ದೇಶಗಳವರಿಂದ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. 2022ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಎ.ಪಿ.ಎಸ್. ಪ್ರಮಾಣಪತ್ರ ಕಡ್ಡಾಯವಾಗಿದೆ. ಅದಕ್ಕೆ ಕಾಲಾವಕಾಶ ಬೇಕು.

ಇನ್ನು ವಿನಿಮಯ ದರ. 2022ರಲ್ಲಿ ಒಂದು ಡಾಲರಿಗೆ 80 ರೂಪಾಯಿ ದಾಟಿತು. 2025ರ ಡಿಸೆಂಬರಿನಲ್ಲಿ 90 ದಾಟಿತು. ಎರಡನೆಯ ವರ್ಷದ ಶುಲ್ಕ 20,000 ಡಾಲರ್ ಎಂದಿಟ್ಟುಕೊಳ್ಳಿ. ಶುಲ್ಕ ಒಂದು ಡಾಲರ್ ಕೂಡ ಏರದಿದ್ದರೂ ಈ ಹತ್ತು ರೂಪಾಯಿಯ ವ್ಯತ್ಯಾಸದಿಂದಲೇ ಎರಡು ಲಕ್ಷ ರೂಪಾಯಿ ಹೆಚ್ಚು ಹೊಂದಿಸಬೇಕು. ಆದುದರಿಂದ ಒಟ್ಟು ಅಂದಾಜಿನ ಮೇಲೆ ಶೇಕಡಾ 10ನ್ನಾದರೂ ಆಕಸ್ಮಿಕಕ್ಕೆ ಸೇರಿಸಿ.

ಅಲ್ಲಿ ಹೋಗಿ ದುಡಿದು ಶುಲ್ಕ ಕಟ್ಟುತ್ತೇನೆ ಎಂಬ ಮಾತನ್ನು ಅಂದಾಜುಪಟ್ಟಿಯಲ್ಲಿ ಸೇರಿಸಕೂಡದು. ಇಂಗ್ಲೆಂಡಿನಲ್ಲಿ ತರಗತಿಗಳು ನಡೆಯುವಾಗ ಪದವಿ ವಿದ್ಯಾರ್ಥಿಗೆ ವಾರಕ್ಕೆ 20 ಗಂಟೆ, ಕೆನಡಾದಲ್ಲಿ 24 ಗಂಟೆ, ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನಗಳು ಎಂದು ಮಿತಿಯಿದೆ. ಆ ಕೂಲಿಯಿಂದ ಅಕ್ಕಿ, ಬಾಡಿಗೆಗೆ ನೆರವಾದೀತು. ಶುಲ್ಕವನ್ನು ಅದರಿಂದ ಕಟ್ಟಲಾಗದು.

ಹಣದ ಮೂಲಗಳು

ವಿದ್ಯಾರ್ಥಿವೇತನವೇ ಮೊದಲ ಮೂಲವಾಗಬೇಕು. ಯೂರೋಪಿನ ಎರಾಸ್ಮಸ್ ಮುಂಡಸ್, ಜರ್ಮನಿಯ ಡಿ.ಎ.ಎ.ಡಿ., ಫ್ರಾನ್ಸಿನ ಶಾರ್ಪಾಕ್, ಬ್ರಿಟನ್ನಿನ ಕಾಮನ್‌ವೆಲ್ತ್ ಹಾಗೂ ಚೀವ್ನಿಂಗ್ ಇವುಗಳ ಹೆಸರನ್ನು ಮಕ್ಕಳು ಬಲ್ಲರು. ಚೀವ್ನಿಂಗ್‌ಗೆ ಎರಡು ವರ್ಷದ ಉದ್ಯೋಗಾನುಭವ ಬೇಕು. ನಮ್ಮ ದೇಶದಲ್ಲಿ 1892ರಲ್ಲಿ ಸ್ಥಾಪಿತವಾದ ಜೆ. ಎನ್. ಟಾಟಾ ಎಂಡೋಮೆಂಟ್ ಇಂದಿಗೂ ಸಾಲರೂಪದ ವಿದ್ಯಾರ್ಥಿವೇತನ ಕೊಡುತ್ತದೆ. ಕೆ. ಸಿ. ಮಹೀಂದ್ರಾ ಟ್ರಸ್ಟು ಸ್ನಾತಕೋತ್ತರ ವ್ಯಾಸಂಗಕ್ಕೆ ಬಡ್ಡಿಯಿಲ್ಲದ ಸಾಲ ಕೊಡುತ್ತದೆ. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್ಸೀಸ್ ಸ್ಕಾಲರ್‌ಶಿಪ್ ಪರಿಶಿಷ್ಟ ಜಾತಿ, ಅಲೆಮಾರಿ ಬುಡಕಟ್ಟು, ಭೂಹೀನ ಕೃಷಿ ಕಾರ್ಮಿಕ ಮುಂತಾದವರಿಗಾಗಿ ಇರುವುದು; ಇಲ್ಲಿರುವ ಬಹುಪಾಲು ಕುಟುಂಬಗಳು ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಇವುಗಳಲ್ಲಿ ಹಲವಕ್ಕೆ ಹೊರಡುವ ಬಹಳ ಮೊದಲೇ ಅರ್ಜಿ ಹಾಕಬೇಕಾಗುತ್ತದೆ. ಅಂಥವನ್ನು ಪ್ರವೇಶಪತ್ರ ಬಂದ ಮೇಲೆ ಹುಡುಕಲು ಹೊರಟರೆ ರೈಲು ಹೋದ ಮೇಲೆ ಟಿಕೇಟು ತೆಗೆದಂತೆ.

ಎರಡನೆಯ ಮೂಲ ಬ್ಯಾಂಕಿನ ವಿದ್ಯಾಸಾಲ. 2015ರ ಆಗಸ್ಟ್ 15ರಂದು ಆರಂಭವಾದ ವಿದ್ಯಾಲಕ್ಷ್ಮಿ ಜಾಲತಾಣವು ಒಂದೇ ಅರ್ಜಿಯಿಂದ ಮೂರು ಬ್ಯಾಂಕುಗಳನ್ನು ಕೇಳಲು ಅವಕಾಶ ಕೊಟ್ಟಿತು. 2024ರಲ್ಲಿ ಬಂದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ ಬೇರೆ; ಅದು ಭಾರತದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ ನಾಲ್ಕು ಲಕ್ಷದವರೆಗೆ ಭದ್ರತೆ ಬೇಡ, ಏಳೂವರೆ ಲಕ್ಷಕ್ಕೆ ಮೇಲ್ಪಟ್ಟರೆ ಆಸ್ತಿಯ ಅಡಮಾನ. ವಿದೇಶ ವ್ಯಾಸಂಗಕ್ಕೆ ಶೇಕಡಾ 15 ನಮ್ಮ ಕೈಯಿಂದ ಹಾಕಬೇಕು. ಹೆಸರಾಂತ ವಿಶ್ವವಿದ್ಯಾನಿಲಯವಾದರೆ ಕೆಲವು ಬ್ಯಾಂಕುಗಳು ಅಡಮಾನವಿಲ್ಲದೆ ಹೆಚ್ಚಿನ ಸಾಲ ಕೊಡುವುದುಂಟು. ಇದೊಂದು ಒಳ್ಳೆಯ ಪರೀಕ್ಷೆ. ಯಾವ ಕಾಲೇಜಿನ ಹೆಸರು ಬ್ಯಾಂಕಿನ ಪಟ್ಟಿಯಲ್ಲಿ ಇಲ್ಲವೋ ಅಲ್ಲಿ ನಮ್ಮ ಮನೆಯನ್ನು ಒತ್ತೆ ಇಡುವ ಮೊದಲು ನಾವೂ ಎರಡು ಸಲ ಯೋಚಿಸಬೇಕು.

ಈಗ ಒಂದು ಲೆಕ್ಕ. 30 ಲಕ್ಷ ಸಾಲ, ಬಡ್ಡಿ ಲೆಕ್ಕದ ಸೌಕರ್ಯಕ್ಕೆ ಶೇಕಡಾ 10, ಒಂದು ವರ್ಷದ ಓದು, ಅನಂತರ ಒಂದು ವರ್ಷದ ವಿನಾಯಿತಿ. ಹಣವೆಲ್ಲ ಆರಂಭದಲ್ಲೇ ಪಡೆದರೆ ಈ ಎರಡು ವರ್ಷಗಳ ಸರಳ ಬಡ್ಡಿ 6 ಲಕ್ಷ. ಅದನ್ನು ಕಟ್ಟದಿದ್ದರೆ ಕಂತು ಶುರುವಾಗುವಾಗ ಸಾಲ 36 ಲಕ್ಷ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 47,600 ರೂಪಾಯಿ. ಒಟ್ಟು ಕಟ್ಟುವುದು ಸುಮಾರು 57 ಲಕ್ಷ. ಹದಿನೈದು ವರ್ಷಕ್ಕೆ ಹಂಚಿದರೆ ಕಂತು ಸುಮಾರು 38,700ಕ್ಕೆ ಇಳಿಯುತ್ತದೆ, ಒಟ್ಟು ಮೊತ್ತ 69 ಲಕ್ಷ ಮೀರುತ್ತದೆ. ಓದುವಾಗಲೇ ತಿಂಗಳಿಗೆ 25,000 ಬಡ್ಡಿಯನ್ನು ಮನೆಯವರು ಕಟ್ಟುತ್ತ ಬಂದರೆ ಹತ್ತು ವರ್ಷದ ಕಂತು ಸುಮಾರು 39,600. ಬಡ್ಡಿಯ 6 ಲಕ್ಷ ಸೇರಿಸಿದರೂ ಒಟ್ಟಿನಲ್ಲಿ ಮೂರೂವರೆ ಲಕ್ಷ ಉಳಿಯುತ್ತದೆ. ಈ ಮೂರು ಅಂಕೆಗಳನ್ನು ವಿದ್ಯಾರ್ಥಿ ತನ್ನ ಕೈಯಿಂದಲೇ ಬರೆದು ತಂದೆತಾಯಿಗಳಿಗೆ ತೋರಿಸಬೇಕೆಂಬುದು ನನ್ನ ಆಗ್ರಹ. ತಂದೆ ಲೆಕ್ಕ ಹಾಕಿ ಮಗನಿಗೆ ಹೇಳುವುದಕ್ಕೂ ಮಗ ಲೆಕ್ಕ ಹಾಕಿ ತಂದೆಗೆ ಹೇಳುವುದಕ್ಕೂ ಬಹಳ ಅಂತರವಿದೆ.

ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿರುವವರಿಗೆ ವಿದ್ಯಾಸಾಲದ ಬಡ್ಡಿಯ ಮೇಲೆ ಎಂಟು ವರ್ಷಗಳ ರಿಯಾಯಿತಿಯಿದೆ, ಹೊಸ ಪದ್ಧತಿಯಲ್ಲಿ ಇಲ್ಲ. ಹೊರದೇಶಕ್ಕೆ ಹಣ ಕಳುಹಿಸುವಾಗ ಬ್ಯಾಂಕು ಮೂಲದಲ್ಲೇ ಹಿಡಿಯುವ ತೆರಿಗೆಯ ಮಿತಿ 2025ರ ಏಪ್ರಿಲಿನಿಂದ 7 ಲಕ್ಷದಿಂದ 10 ಲಕ್ಷಕ್ಕೆ ಏರಿತು. ಮಾನ್ಯ ಸಂಸ್ಥೆಯ ವಿದ್ಯಾಸಾಲದಿಂದ ಹೋಗುವ ಹಣಕ್ಕೆ ಅದನ್ನು ತೆಗೆದುಹಾಕಲಾಯಿತು. ಹೀಗೆ ಹಿಡಿದ ತೆರಿಗೆಯನ್ನು ಲೆಕ್ಕಪತ್ರ ಸಲ್ಲಿಸಿ ಮರಳಿ ಪಡೆಯಬಹುದು. ಸಾಲ ಪಡೆದ ವಿದ್ಯಾರ್ಥಿಯ ಹೆಸರಿನಲ್ಲಿ ಸಾಲದಷ್ಟು ಮೊತ್ತದ ಅವಧಿ ವಿಮೆ ಇರಲೇಬೇಕು. ಹೇಳಲು ಕಹಿಯಾದ ಮಾತು, ಆದರೂ ಹೇಳಬೇಕು: 2022ರ ಮಾರ್ಚ್ 1ರಂದು ಯುಕ್ರೇನಿನ ಹಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಯುದ್ಧಕ್ಕೆ ಬಲಿಯಾದ. ಆಗ ಆಪರೇಷನ್ ಗಂಗಾದಲ್ಲಿ ಮರಳಿದ ಸಾವಿರಾರು ಮಕ್ಕಳಲ್ಲಿ ಕೇರಳದವರೂ ಬಹಳ ಮಂದಿ ಇದ್ದರು. ಮಕ್ಕಳ ಓದು ಅರ್ಧಕ್ಕೆ ನಿಂತರೂ ಸಾಲದ ಬಡ್ಡಿ ನಿಲ್ಲುವುದಿಲ್ಲ.

ಮೂರನೆಯ ಮೂಲ ಮನೆಯ ಬಂಗಾರ ಮತ್ತು ಭೂಮಿ. ಶೋರನೂರಿನಿಂದ ಎರ್ನಾಕುಲಂಗೆ 1902ರಲ್ಲಿ ರೈಲು ಬಂದ ಕಥೆಯನ್ನು ತಾವು ಕೇಳಿರಬಹುದು. ಆ ಮಾರ್ಗಕ್ಕೆ ಹಣ ಸಾಲದಾದಾಗ ಕೊಚ್ಚಿಯ ಮಹಾರಾಜರು ತೃಪ್ಪೂಣಿತ್ತುರದ ಪೂರ್ಣತ್ರಯೀಶ ದೇವಾಲಯದ ಆನೆಗಳ ಬಂಗಾರದ ಹಣೆಪಟ್ಟಗಳಲ್ಲಿ ಒಂದನ್ನು ಉಳಿಸಿಕೊಂಡು ಹದಿನಾಲ್ಕನ್ನು ಮಾರಿದರೆಂದು ಹೇಳುತ್ತಾರೆ. ಮಹಾರಾಜರು ಬಂಗಾರ ಮಾರಿದ್ದನ್ನು ಎಲ್ಲರೂ ಹೊಗಳುತ್ತಾರೆ. ಒಬ್ಬ ಇಂಜಿನಿಯರನಾಗಿ ನಾನು ಗಮನಿಸುವುದು ಬೇರೆ ಎರಡು ಸಂಗತಿಗಳನ್ನು. ಮಾರಿದ ಹಣದಿಂದ ಕಟ್ಟಿದ ಮಾರ್ಗ ಸರಕನ್ನೂ ಜನರನ್ನೂ ಹೊತ್ತು ಗಳಿಸುವಂಥದ್ದಾಗಿತ್ತು. ಮತ್ತು ಉತ್ಸವ ನಿಲ್ಲದಂತೆ ಒಂದು ಪಟ್ಟ ಉಳಿದಿತ್ತು. ನಾವು ಬಂಗಾರವನ್ನು ಮಾರುವಾಗಲೂ ಈ ಎರಡನ್ನು ಕೇಳಿಕೊಳ್ಳಬೇಕು. ಈ ಓದು ಗಳಿಸಿ ಕೊಡುವಂಥದ್ದೇ? ಮನೆಯ ಹಿರಿಯರಿಗೆ ಏನು ಉಳಿಯುತ್ತದೆ?

ಎರಡು ಮನೆಗಳು

ಹೆಸರು ಹೇಳದೆ ಎರಡು ಮನೆಗಳ ವಿಚಾರ ಹೇಳುತ್ತೇನೆ. ತೃಪ್ಪೂಣಿತ್ತುರದ ಬಳಿ ಒಂದು ಕುಟುಂಬ. ಯಜಮಾನರು ಉಡುಪಿಯ ಕಡೆಯವರು, ಎರ್ನಾಕುಲಂನಲ್ಲಿ ಸಣ್ಣ ಉಪಾಹಾರಗೃಹ. ಮಗ 2021ರಲ್ಲಿ ಬಿ.ಟೆಕ್. ಮುಗಿಸಿದ. ಇಂಗ್ಲೆಂಡಿನ ಒಂದು ವರ್ಷದ ಸ್ನಾತಕೋತ್ತರ ತರಗತಿಗೆ ಪ್ರವೇಶ ದೊರೆಯಿತು. ಶುಲ್ಕ, ವಾಸ ಸೇರಿ 30 ಲಕ್ಷದ ಸಾಲ, ಬ್ಯಾಂಕಿಗೆ ಮನೆಯ ಪತ್ರ ಕೊಡಬೇಕು. ಲೆಕ್ಕ ನೋಡಿಕೊಡಲು ನನ್ನನ್ನು ಕರೆದಿದ್ದರು. ಈಗ ತಮ್ಮ ಮುಂದೆ ಹೇಳಿದ ಅಂಕೆಗಳನ್ನೇ ಅಂದು ಬರೆದೆವು. ಹೋಟೆಲಿನ ಆದಾಯದಿಂದ ತಿಂಗಳಿಗೆ 47,600 ಬಿಡುವುದು ಸಾಧ್ಯವಿರಲಿಲ್ಲ. ಆಗ ಮೂಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದ ಅಜ್ಜಿ ಕೇಳಿದರು: “ಅವನಿಗೆ ಅಲ್ಲಿ ಕೆಲಸ ಸಿಗದಿದ್ದರೆ ಬ್ಯಾಂಕಿನವರು ನನ್ನನ್ನು ಎಲ್ಲಿ ಕೂರಿಸುತ್ತಾರೆ?” ಯಾರೂ ಮಾತಾಡಲಿಲ್ಲ. ಹುಡುಗ ಎದ್ದು ಹೊರಗೆ ಹೋದ.

ಎರಡು ದಿನ ಅವನು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲವಂತೆ. ಮೂರನೆಯ ದಿನ ಬಂದು ಪಟ್ಟಿಯನ್ನು ತಾನೇ ಮತ್ತೆ ಬರೆಯುತ್ತೇನೆಂದ. ಆ ಪ್ರವೇಶವನ್ನು ಬಿಟ್ಟ. ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ ಎರಡು ವರ್ಷ ಕೆಲಸ ಮಾಡಿ ಆರು ಲಕ್ಷ ಉಳಿಸಿದ, ಸಂಜೆ ಜರ್ಮನ್ ಕಲಿತ. ತಂದೆ ನಾಲ್ಕು ಲಕ್ಷ ಕೊಟ್ಟರು. ಮನೆಯನ್ನು ಒತ್ತೆ ಇಡದೆ, ಸೋದರಮಾವನ ಜಾಮೀನಿನ ಮೇಲೆ ಏಳೂವರೆ ಲಕ್ಷ ಸಾಲ ದೊರೆಯಿತು. 2023ರ ಅಕ್ಟೋಬರಿನಲ್ಲಿ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾನಿಲಯ ಸೇರಿದ. ಈಗ ಓದು ಮುಗಿದು ಕೆಲಸದಲ್ಲಿದ್ದಾನೆ, ಸಾಲವನ್ನು ತಾನೇ ತೀರಿಸುತ್ತಿದ್ದಾನೆ. ಅಜ್ಜಿ ಅದೇ ಮೂಲೆಯಲ್ಲಿದ್ದಾರೆ.

ಇನ್ನೊಂದು ಕುಟುಂಬ ತಿರುವನಂತಪುರದ್ದು. ತಂದೆಗೆ ನಿವೃತ್ತಿಯ ವರ್ಷ. ಅಲ್ಲಿ ದುಡಿದೇ ಮುಂದಿನ ಶುಲ್ಕ ಕಟ್ಟಬಹುದೆಂದು ಒಬ್ಬ ಏಜೆಂಟ್ ನಂಬಿಸಿದ. ಗ್ರಾಚ್ಯುಟಿ ಹಣವೂ ಮನೆಯ ಮೇಲಿನ ಸಾಲವೂ ಮೊದಲ ವರ್ಷಕ್ಕೇ ಮುಗಿದವು. ಕಾಲೇಜಿಗೆ ಹೆಸರಿರಲಿಲ್ಲ, ಮಗನಿಗೆ ದೊರೆತ ಅರೆಕಾಲಿಕ ಕೆಲಸ ಬಾಡಿಗೆಗೇ ಸಾಲದಾಯಿತು. ಎರಡನೆಯ ವರ್ಷದ ಶುಲ್ಕ ಕಟ್ಟಲಾಗದೆ ಪದವಿಯಿಲ್ಲದೆ ಮರಳಿದ. ಬುದ್ಧಿವಂತ ಹುಡುಗ, ದುರಭ್ಯಾಸಗಳಿಲ್ಲದವನು. ತಂದೆ ತಮ್ಮ 63ನೆಯ ವಯಸ್ಸಿನಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾರೆ. ಉತ್ಸವದ ದಿನಗಳಲ್ಲಿ ಮೊದಲು ತಪ್ಪದೆ ಕಾಣುತ್ತಿದ್ದವರು ಈಗ ಕಾಣುವುದಿಲ್ಲ. ಹಣ ಹೋದುದಕ್ಕಿಂತ ಈ ಸಂಕೋಚ ನನ್ನನ್ನು ಹೆಚ್ಚು ಕಾಡುತ್ತದೆ. ಆ ತಂದೆಮಕ್ಕಳನ್ನು ‘ಏನಾಯಿತು, ಯಾಕೆ ಬಂದ’ ಎಂದು ಪ್ರಶ್ನಿಸದೆ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ.

ಹೊರಟ ಮೇಲೆ

ಇಳಿಜಾರಿನ ಮಾರ್ಗದಲ್ಲಿ ಹಿಡಿತ ತಪ್ಪಿದ ಗಾಡಿ ನಿಲ್ದಾಣಕ್ಕೆ ನುಗ್ಗದಿರಲೆಂದು ನಾವು ಕ್ಯಾಚ್ ಸೈಡಿಂಗ್ ಹಾಕುತ್ತೇವೆ. ವರ್ಷಗಟ್ಟಲೆ ಅದರ ಮೇಲೆ ಒಂದು ಚಕ್ರವೂ ಹೋಗದಿರಬಹುದು, ಆದರೂ ಅದನ್ನು ಸುಸ್ಥಿತಿಯಲ್ಲಿಡಬೇಕು. ಹೊರದೇಶದಲ್ಲಿರುವ ಮಗುವಿಗೂ ಹಾಗೊಂದು ಬೇಕು: ಮರಳಿ ಬರುವ ಟಿಕೇಟಿನ ಹಣ ಮತ್ತು ಮೂರು ತಿಂಗಳ ಖರ್ಚು, ಬೇರೆ ಯಾವುದಕ್ಕೂ ಮುಟ್ಟದ ಖಾತೆಯಲ್ಲಿ. ವಿದೇಶಾಂಗ ಇಲಾಖೆಯ ಮದದ್ ತಾಣದಲ್ಲಿ ವಿದ್ಯಾರ್ಥಿಯ ಹೆಸರು ನೋಂದಾಯಿಸಿ, ನೋರ್ಕಾದ ವಿದ್ಯಾರ್ಥಿ ಗುರುತುಚೀಟಿ ಮಾಡಿಸಿ.

ದೇಶಗಳ ನೀತಿಯೂ ಮಧ್ಯದಲ್ಲಿ ಬದಲಾಗುತ್ತದೆ. ಕೆನಡಾ 2024ರಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು, ಅದೇ ನವೆಂಬರಿನಲ್ಲಿ ಶೀಘ್ರ ವೀಸಾ ವ್ಯವಸ್ಥೆಯನ್ನು ನಿಲ್ಲಿಸಿತು. ಇಂಗ್ಲೆಂಡಿನಲ್ಲಿ ಓದು ಮುಗಿಸಿದವರಿಗೆ ಕೆಲಸ ಹುಡುಕಲು ಇದ್ದ ಎರಡು ವರ್ಷದ ಅವಧಿ, 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವಿ ಮತ್ತು ಸ್ನಾತಕೋತ್ತರರಿಗೆ 18 ತಿಂಗಳು ಎಂದು ನಿಶ್ಚಯವಾಗಿದೆ. ಅಲ್ಲಿಯೇ ಕೆಲಸ ಸಿಕ್ಕರೆ ಮಾತ್ರ ತೀರುವಂಥ ಸಾಲವನ್ನು ಮಾಡಲೇಬಾರದು. ಊರಿಗೆ ಮರಳಿ ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ದುಡಿದರೂ ಕಂತು ಕಟ್ಟಲು ಸಾಧ್ಯವೇ ಎಂಬುದೇ ಒರೆಗಲ್ಲು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಕಾಲು ಕತ್ತರಿಸಿಕೋ ಎಂದು ಹೇಳಲಿಲ್ಲ. ಎರಡು ವರ್ಷ ದುಡಿದು ಹಾಸಿಗೆಯನ್ನು ಉದ್ದ ಮಾಡಿಕೊಳ್ಳಬಹುದು.

ಹೆಣ್ಣುಮಕ್ಕಳ ವಿಚಾರವಾಗಿ ಒಂದು ಮಾತು. ಮಗನಿಗಾದರೆ ಸಾಲ, ಮಗಳಿಗಾದರೆ ಮದುವೆಯ ಖರ್ಚು ಎಂಬ ಲೆಕ್ಕ ನಮ್ಮಲ್ಲಿ ಇನ್ನೂ ಇದೆ. ಅನ್ನಾ ಮಣಿಯವರನ್ನು ನೆನೆದು ಆ ಲೆಕ್ಕವನ್ನು ತಿದ್ದಿಕೊಳ್ಳೋಣ. ಯೋಗ್ಯತೆಯ ಅಳತೆಗೋಲು ಇಬ್ಬರಿಗೂ ಒಂದೇ ಇರಲಿ.

ಕೊನೆಯದಾಗಿ ಶಾಖಾಮಠದ ವ್ಯವಸ್ಥಾಪಕರಲ್ಲಿ ಒಂದು ವಿಜ್ಞಾಪನೆ. ನಮ್ಮಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳಿದ್ದಾರೆ, ಅಧ್ಯಾಪಕರಿದ್ದಾರೆ, ಹೊರದೇಶದಲ್ಲಿ ಓದಿ ಬಂದ ಯುವಕ ಯುವತಿಯರಿದ್ದಾರೆ. ವರ್ಷಕ್ಕೆ ಎರಡು ಭಾನುವಾರ, ತೀರ್ಥಪ್ರಸಾದದ ಬಳಿಕ, ಒಂದು ಮೇಜು ಹಾಕಿಕೊಂಡು ಕುಳಿತುಕೊಳ್ಳೋಣ. ಪ್ರವೇಶಪತ್ರವನ್ನೂ ಅಂದಾಜುಪಟ್ಟಿಯನ್ನೂ ತಂದ ಮಕ್ಕಳಿಗೆ ಶುಲ್ಕವಿಲ್ಲದೆ, ಗುಟ್ಟು ಕಾಪಾಡಿ, ಲೆಕ್ಕ ನೋಡಿಕೊಡೋಣ. ಹೋಗು ಎನ್ನುವುದಾಗಲಿ ಬೇಡ ಎನ್ನುವುದಾಗಲಿ ನಮ್ಮ ಕೆಲಸವಲ್ಲ. ಅಂಕೆಗಳು ಸರಿಯಾಗಿವೆಯೇ ಎಂದು ನೋಡಿ ಹೇಳಿದರೆ ಸಾಕು. ನನ್ನ ಮಟ್ಟಿಗೆ, ಪೆನ್ಸಿಲು ಮತ್ತು ಕನ್ನಡಕ ತೆಗೆದುಕೊಂಡು ಮೊದಲ ಭಾನುವಾರವೇ ಬರಲು ಸಿದ್ಧನಿದ್ದೇನೆ.

 ಹೋಗುವ ಮಕ್ಕಳು ಕ್ಷೇಮವಾಗಿ ಹೋಗಿ ವಿದ್ಯಾವಂತರಾಗಲಿ, ಇಲ್ಲಿರುವ ಹಿರಿಯರು ತಮ್ಮ ಸ್ವಂತ ಸೂರಿನಡಿಯಲ್ಲಿ ನೆಮ್ಮದಿಯಿಂದಿರಲಿ.

ಶ್ರೀಕೃಷ್ಣಾರ್ಪಣಮಸ್ತು.